ನೀಲಿ ಗಾಜಿನ ಪಿನ್ನು

ಕಾಗೆ ಹಾರಿಸುವುದರಲ್ಲಿ ಲಿಫ್ಟ್ ಮಾವನನ್ನು ಮೀರಿಸುವವರು ಇಡೀ ಬೀದಿಯಲ್ಲಿ ಇಲ್ಲ ಎಂದು ಅವರ ಸ್ವಂತ ಮಗನೇ ಹೇಳುತ್ತಿದ್ದ. ಹೇಳುವವನೂ ಅಂಥ ಸತ್ಯವಂತನೇನಲ್ಲ. ಮನೆ ಸಾಮಾನು ಸಾಗಿಸುವ ವ್ಯಾನು ಓಡಿಸಿಕೊಂಡು ದಿನಕ್ಕೊಂದು ರೀಲು ಬಿಡುವವನೇ. ಆದರೆ ಅಪ್ಪನ ಮುಂದೆ ಅವನ ರೀಲು ಯಾವ ಮೂಲೆಗೆ? ಊರ ನಡುವೆ ಜನ ಮೇಲೇರಿ ನಿಂತು ಸುತ್ತಲಿನ ಊರನ್ನೆಲ್ಲ ನೋಡುವ ಎತ್ತರದ ಗೋಪುರವೊಂದಿತ್ತು. ಅದು ಬಾಗಿಲು ತೆರೆದ ದಿನದಿಂದ ತಾವು ನಿವೃತ್ತರಾಗುವವರೆಗೂ ಅದರ ಲಿಫ್ಟು ನಡೆಸಿದವರು ಮಾವ. ಹತ್ತೂರಿನ ನೀರು ಕುಡಿದವರನ್ನೆಲ್ಲ ನಿಂತಲ್ಲೇ ನೋಡಿದ ಮನುಷ್ಯ, ಕತೆಗೇನು ಬರ? ಎಲ್ಲ ಕತೆಗಳಿಗೂ ಮುಕುಟದಂಥ ಕತೆ ಒಂದಿತ್ತು. ಗೋಪುರ ತೆರೆದ ದಿನ ಕೆಲಸದವರಿಗೆ ಮಾತ್ರ ಅಂಗಿಗೆ ಚುಚ್ಚಿಕೊಳ್ಳಲು ಒಂದೊಂದು ಪಿನ್ನು ಕೊಟ್ಟಿದ್ದರಂತೆ. ಮಾವನ ಬಳಿಯೂ ಅದು ಇತ್ತು. "ಆ ಪಿನ್ನೊಳಗೆ ನಾನಿದ್ದೀನಿ" ಎಂದು ಮಾವ ಹೇಳುತ್ತಿದ್ದರು. ಕೇಳಿದವರು ಮುಸಿಮುಸಿ ನಗುತ್ತಿದ್ದರು. ಹೀಗೆ ಲಿಫ್ಟ್ ಮಾವನಿಗೆ ಬುರುಡೆ ಮಾವ ಎಂಬ ಇನ್ನೊಂದು ಹೆಸರೂ ಬಂತು.

ನಗುವವರ ಸಾಲಿನಲ್ಲಿ ಸೊಸೆಯೂ ಇದ್ದಳು. ಎದುರಿಗೆ ನಗುತ್ತಿರಲಿಲ್ಲ, ಅಷ್ಟು ಮರ್ಯಾದೆ ಇತ್ತು. ಅಡುಗೆಮನೆಗೆ ಹೋಗಿ ನಗುತ್ತಿದ್ದಳು. ಬೀದಿಯವರ ಬಾಯಲ್ಲಿ ಅವಳು ಹಲ್ಲಕ್ಕ. ಹಾಗೆಂದು ಅವಳ ಹಲ್ಲೇನೂ ಮುಂದೆ ಬಂದಿರಲಿಲ್ಲ, ಅವಳು ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದನ್ನು ನೋಡಿಕೊಂಡು ಪಿಂಗಾಣಿ ಪುಡಿಯನ್ನು ಕುಂಚದಲ್ಲಿ ಪದರ ಪದರವಾಗಿ ಕಟ್ಟಿ, ಕುಲುಮೆಯಲ್ಲಿ ಬೇಯಿಸಿ, ಪಾಲಿಶ್ ಚಕ್ರಕ್ಕೆ ಹಿಡಿದು, ಪಕ್ಕದ ಹಲ್ಲಿಗೂ ಸುಳಿವು ಸಿಗದ ಹಾಗೆ ಹೊಸ ಹಲ್ಲು ಮಾಡಿಕೊಡುವುದು ಅವಳ ಕಸುಬು. ನಾವು ನೀವು ಬಿಳಿ ಎಂದು ಸುಮ್ಮನಾಗುವ ಕಡೆ ಅವಳಿಗೆ ಹತ್ತಾರು ಬಣ್ಣ ಕಾಣುತ್ತಿದ್ದವು. ಮಾವನ ಬಾಯಲ್ಲಿದ್ದ ಎರಡು ಸಾಲೂ ಅವಳ ಕೈಯದೇ.

ಮಾವನ ಕೋಣೆಯ ಗೋಡೆಗೆ ಒಂದು ಉದ್ದನೆಯ ಹಸಿರು ಬಟ್ಟೆ ಇಳಿಬಿಟ್ಟಿತ್ತು. ಅದರ ತುಂಬ ಪಿನ್ನು. ಹಡಗಿನ ಲಂಗರು, ಸೇತುವೆ, ಮೃಗಾಲಯದ ಆನೆ, ಹಿಮದ ಬೆಟ್ಟ, ಯಾವುದೋ ಊರಿನ ಗಡಿಯಾರ. ಉಗುರಿನಷ್ಟಗಲದ ಜಾಗದಲ್ಲಿ ಒಂದೊಂದು ಊರು. ಲಿಫ್ಟಿಗೆ ಬಂದ ಪ್ರವಾಸಿಗಳು ಎದೆಯ ಮೇಲಿನ ತಮ್ಮೂರಿನ ಪಿನ್ನು ಬಿಚ್ಚಿ ಕೊಡುತ್ತಿದ್ದರು. ಬದಲಿಗೆ ಮಾವ ಗೋಪುರದ ಪಿನ್ನು ಕೊಡುತ್ತಿದ್ದರು. ಮಾರಾಟಕ್ಕೆಂದು ಮಾಡಿಸಿದ ಗೋಪುರದ ಪಿನ್ನುಗಳನ್ನು ಆಫೀಸಿನವರೇ ಈ ಅದಲುಬದಲಿಗೆಂದು ಅವರ ಜೇಬಿಗೆ ತುಂಬುತ್ತಿದ್ದರಂತೆ. ಕೊಂಡ ಪಿನ್ನು ಪಿನ್ನೇ ಅಲ್ಲ ಎನ್ನುವುದು ಮಾವನ ಸಿದ್ಧಾಂತ. ಮನೆಯವರಿಗೆ ಇದೆಲ್ಲ ತಗಡು.

ಗೋಪುರಕ್ಕೆ ವಯಸ್ಸಾಯಿತೆಂದು ಆ ವರ್ಷ ಅದರ ಕೆಳಗಿನ ಹಾಲಿನಲ್ಲಿ ಒಂದು ಪ್ರದರ್ಶನ ಏರ್ಪಾಡಾಯಿತು. ತೆರೆದ ದಿನ ಕೆಲಸ ಮಾಡಿದವರ ಪಿನ್ನುಗಳಿಗೆಂದೇ ಒಂದು ಗಾಜಿನ ಪೆಟ್ಟಿಗೆ, ಪ್ರತಿ ಪಿನ್ನಿನ ಕೆಳಗೆ ಅದನ್ನು ತೊಟ್ಟವರ ಕೆಲಸದ ಹೆಸರು. ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವ ಹೊಣೆ ಪಿನ್ನಜ್ಜಿಯದು. ಹಿಂದೆ ಗುಂಡಿ ಮಾರುವ ಅಂಗಡಿ ಇಟ್ಟಿದ್ದ ಈ ಅಜ್ಜಿ, ಪ್ರತಿ ಭಾನುವಾರ ಹಳೇ ಸ್ಟೇಷನ್ನಿನ ನಿರೀಕ್ಷಣಾ ಕೋಣೆಯಲ್ಲಿ ಪಿನ್ನು ಬದಲಾಯಿಸುವವರ ಮೇಜು ನಡೆಸುತ್ತಿದ್ದಳು. ಅವಳ ಮಾತೆಂದರೆ ಮಾತು.

ಸುದ್ದಿ ಕೇಳಿದ ದಿನ ಮಾವ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಕಣ್ಣು ಮಂಜಾಗಿ ಆಗಲೇ ಬಹಳ ಕಾಲವಾಗಿತ್ತು. ಮುಖ ಕಂಡರೆ ಯಾರದೆಂದು ಗೊತ್ತಾಗದು, ದನಿಯಿಂದಲೇ ಗುರುತು.

"ನನಗೆ ಕಣ್ಣಿಲ್ಲ ಕಣಮ್ಮ. ನೀನು ಹೋಗಿ ಆ ಅಜ್ಜಿ ಹತ್ರ ಕಲಿತು ಬಾ, ನಂದು ಯಾವುದು ಅಂತ ತೋರಿಸಿ ಆ ಪೆಟ್ಟಿಗೆಗೆ ಹಾಕಿಸು. ಅದೊಂದು ಆಗ್ಬಿಟ್ರೆ ಸಾಕು. ಆಮೇಲೆ ಯಾರೂ ನನ್ನನ್ನ ಬುರುಡೆ ಅನ್ನಲ್ಲ."

ನಗುತ್ತಲೇ ಹೇಳಿದರು. ಆದರೆ ಅವರ ಬೆರಳು ಅಂಗಿಯ ತುದಿಯನ್ನು ಹಿಸುಕುತ್ತಿತ್ತು. ಆ ಹೆಸರು ಅವರಿಗೆ ಇಷ್ಟು ವರ್ಷ ಚುಚ್ಚುತ್ತಿತ್ತೆಂದು ಹಲ್ಲಕ್ಕನಿಗೆ ಆವತ್ತೇ ತಿಳಿದದ್ದು. ಅವಳಿಗೆ ಪಾಪ ಅನ್ನಿಸಿತು. ಬರೀ ಪಾಪ ಅನ್ನಿಸಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು, ಒಂದು ಉಪಕಾರವನ್ನೂ ಮಾಡಲು ಹೊರಟಳು.

ಅವಳ ಕಸುಬಿನಲ್ಲಿ ಹೊಳೆಯದ ಕೆಲಸ ಮುಗಿದ ಕೆಲಸವಲ್ಲ. ಹಸಿರು ಬಟ್ಟೆಯ ಪಿನ್ನುಗಳೋ ಮಸಿ ಹಿಡಿದು, ಬೆನ್ನು ಕಪ್ಪಾಗಿ, ನೀಲಿಯೆಲ್ಲ ಶಾಯಿಯ ಹಾಗೆ ಮಂಕಾಗಿದ್ದವು. ಇಂಥದ್ದನ್ನು ದೊಡ್ಡವರ ಮುಂದೆ ಇಡುವುದು ಹೇಗೆ? ಮಗ ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ ದಿನ ಅವಳು ಬಟ್ಟೆಯನ್ನು ಸುರುಳಿ ಸುತ್ತಿ ತಾನು ಹಲ್ಲು ಮಾಡುವ ಲ್ಯಾಬಿಗೆ ತೆಗೆದುಕೊಂಡು ಹೋದಳು. ಒಂದೊಂದೇ ಬಿಚ್ಚಿ ಮುಖವನ್ನು ಮೆತ್ತನೆಯ ಕುಂಚದಿಂದ ತೊಳೆದಳು. ಬೆನ್ನನ್ನು ಮಾತ್ರ ಪಾಲಿಶ್ ಚಕ್ರಕ್ಕೆ ಹಿಡಿದಳು. ಚಕ್ರ ಗುಂಯ್ ಎಂದಿತು, ಕಪ್ಪೆಲ್ಲ ಹಾರಿಹೋಯಿತು. ಸಂಜೆಯ ಹೊತ್ತಿಗೆ ಪ್ರತಿಯೊಂದರ ಬೆನ್ನಲ್ಲೂ ಅವಳ ಮುಖ ಕಾಣುವಂತಾಯಿತು, ಅವಳಿಗೆ ತನ್ನ ಕೈಯ ಮೇಲೆ ತನಗೇ ಹೆಮ್ಮೆಯಾಯಿತು.

ಭಾನುವಾರ ಬಟ್ಟೆಯ ಸುರುಳಿಯೊಂದಿಗೆ ಸ್ಟೇಷನ್ನಿಗೆ ಹೋದಳು. ನಿರೀಕ್ಷಣಾ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಜನ, ಎಲ್ಲರ ಕೈ ಬೆನ್ನ ಹಿಂದೆ. ಇನ್ನೊಬ್ಬರ ಪಿನ್ನನ್ನು ಹೇಳದೆ ಮುಟ್ಟುವ ಹಾಗಿಲ್ಲ. "ತಿರುಗಿಸಲಾ?" ಎಂದು ಕೇಳಬೇಕು, ಹೂಂ ಎಂದರೆ ತಿರುಗಿಸಬೇಕು. ಬದಲಾಯಿಸಿಕೊಂಡ ಪಿನ್ನನ್ನು ಎದೆಗೆ ಚುಚ್ಚಿಕೊಂಡ ಮೇಲೆ ಮಾತು ಮುಗಿಯಿತು, ಅತ್ತರೂ ಕರೆದರೂ ವಾಪಸಿಲ್ಲ. ಇಷ್ಟೊಂದು ಶಿಸ್ತನ್ನು ಹಲ್ಲಕ್ಕ ಆಪರೇಷನ್ ಕೋಣೆಯಲ್ಲೂ ಕಂಡಿರಲಿಲ್ಲ. ಮೇಜಿನ ತಲೆಯಲ್ಲಿ, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡು, ಕುರ್ಚಿಯಲ್ಲಿ ಮುಳುಗಿಹೋದಂತೆ ಕೂತಿದ್ದಳು ಪಿನ್ನಜ್ಜಿ.

ಹಲ್ಲಕ್ಕ ಬಟ್ಟೆ ಬಿಚ್ಚಿ ಹಾಸಿದಳು. ಕೋಣೆ ತಣ್ಣಗಾಯಿತು. ಮೆಚ್ಚಿಗೆಯ ಮೌನ ಎಂದುಕೊಂಡಳು, ಪಾಪ.

"ಯಾರು ಇವಕ್ಕೆಲ್ಲ ಸ್ನಾನ ಮಾಡಿಸಿದ್ದು?" ಎಂದಳು ಅಜ್ಜಿ.

ಹಲ್ಲಕ್ಕ ತಾನೇ ಎಂದಳು, ಅದೂ ನಗುಮುಖದಿಂದ. ಅಜ್ಜಿ ಬೈಯಲಿಲ್ಲ. ಗೋಪುರದ ಪಿನ್ನುಗಳನ್ನು ತೋರಿಸಿ ತಿರುಗಿಸಲಾ ಎಂದು ಕೇಳಿದಳು. ಮಾವ ಹಂಚಿ ಉಳಿದವೂ ಸೇರಿ ಬಟ್ಟೆಯಲ್ಲಿ ಅಂಥವು ಐದಾರಿದ್ದವು, ಎಲ್ಲದರಲ್ಲೂ ನೀಲಿ ಆಕಾಶ, ಬಂಗಾರದ ಬಣ್ಣದ ಗೋಪುರ, ಒಂದಕ್ಕೊಂದು ಅವಳಿ ಜವಳಿ. ಒಂದೊಂದನ್ನೇ ಮಗುಚಿ ಭೂತಗನ್ನಡಿ ಹಿಡಿದು ನೋಡಿದ ಅಜ್ಜಿ ಕೊನೆಗೆ ನಿಟ್ಟುಸಿರು ಬಿಟ್ಟಳು. ಕೆಲಸದವರಿಗೆ ಕೊಟ್ಟ ಪಿನ್ನಿನ ಬೆನ್ನಲ್ಲಿ ಅವರವರ ಕೆಲಸದ ಹೆಸರನ್ನು ಸೂಜಿಯಿಂದ ತೆಳ್ಳಗೆ ಕೊರೆದಿದ್ದರಂತೆ. ಅಂಗಿಗೆ ತಿಕ್ಕಿ ತಿಕ್ಕಿ ಮೊದಲೇ ಅರ್ಧ ಸವೆದಿರುತ್ತದೆ. ಉಳಿದರ್ಧ ಈಗ ಚಕ್ರದ ಪಾಲಾಗಿತ್ತು.

"ಪಿನ್ನಿನ ಮುಖ ಸುಳ್ಳು ಹೇಳುತ್ತೆ ಮಗೂ, ಬೆನ್ನು ಹೇಳಲ್ಲ. ಮೊದಲು ಬೆನ್ನು ನೋಡಬೇಕು. ನೀನು ಬೆನ್ನನ್ನೇ ಅಳಿಸಿದ್ದೀಯ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತಲ್ಲ! ಮಾವನ ಬಾಯಿಮಾತಿಗೆ ಜಗತ್ತಿನಲ್ಲಿದ್ದ ಒಂದೇ ಒಂದು ಸಾಕ್ಷಿಯನ್ನು ಅವಳು ಉಜ್ಜಿ ಉಜ್ಜಿ ಒರೆಸಿ ಹಾಕಿದ್ದಳು.

ಮನೆಗೆ ಬಂದು ಮುಚ್ಚಿಡದೆ ಹೇಳಿದಳು. ಮಾವ ಬಟ್ಟೆಯ ಸುರುಳಿಯನ್ನು ಕೈಯಿಂದ ತಡವಿದರು. ಆಮೇಲೆ ಹೋಗ್ಲಿ ಬಿಡಮ್ಮ, ಒಳ್ಳೇದಕ್ಕೇ ಮಾಡಿದೆ ಎಂದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಮಗ ಎಂದಿನಂತೆ ಕೆಣಕಿದ, ಇವತ್ತು ಲಿಫ್ಟಿಗೆ ಯಾರು ಬಂದಿದ್ರಪ್ಪಾ ಎಂದು. ಮಾವ ಉತ್ತರ ಕೊಡಲಿಲ್ಲ. ಮರುದಿನವೂ ಕತೆಯಿಲ್ಲ, ಅದರ ಮರುದಿನವೂ ಇಲ್ಲ. ಬಾಯಿಗೆ ಬೀಗ ಬಿದ್ದ ಆ ಮನೆಯಲ್ಲಿ ಚಮಚದ ಸದ್ದು ಕೇಳಿಸತೊಡಗಿತು. ಬುರುಡೆ ಎಂದು ನಕ್ಕ ಮಗನೇ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಏನಾದ್ರೂ ಮಾಡೇ, ಅಪ್ಪ ಹೀಗಿದ್ರೆ ನನಗೆ ಅನ್ನ ಇಳಿಯಲ್ಲ ಎಂದ.

ಮಾಡಿದ್ದುಣ್ಣೋ ಮಹರಾಯ ಎಂದು ಹಲ್ಲಕ್ಕ ಅಜ್ಜಿಯ ಮನೆಗೇ ಹೋದಳು. ಒಂದು ಸಲವಲ್ಲ, ಲ್ಯಾಬು ಮುಗಿದ ಮೇಲೆ ದಿನವೂ ಹೋದಳು. ಕಳೆದದ್ದನ್ನು ಹುಡುಕಲು ಹೋದವಳಿಗೆ ಅಲ್ಲಿ ಇನ್ನೊಂದು ಲೋಕವೇ ಕಂಡಿತು. ಪಿನ್ನಿನ ಅಂಚನ್ನು ಬೆರಳ ತುದಿಯಿಂದ ಸವರಬೇಕು. ಒಳ್ಳೆಯ ಅಚ್ಚಿನದು ನುಣ್ಣಗಿರುತ್ತದೆ, ನಕಲಿಯದು ಮರಳು ಮರಳು. ಹಿಂದಿನ ಕೊಕ್ಕೆ ನೋಡಿದರೆ ಹಳೆಯದೋ ಹೊಸದೋ ಗೊತ್ತಾಗುತ್ತದೆ. ಬೆಲೆ ಎನ್ನುವುದು ಲೋಹದಲ್ಲಿಲ್ಲ, ಹೊಳಪಿನಲ್ಲಂತೂ ಇಲ್ಲವೇ ಇಲ್ಲ. ಎಷ್ಟು ಮಾಡಿದರು, ಯಾರಿಗೆ ಕೊಟ್ಟರು, ಅದು ಯಾರ ಎದೆಯ ಮೇಲೆ ದಿನ ಕಳೆಯಿತು, ಇದೇ ಬೆಲೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಜ್ಜಿ ಮಾತುಮಾತಿಗೆ ಹೇಳಿ ಅವಳ ಚಕ್ರವನ್ನು ಚುಚ್ಚುತ್ತಿದ್ದಳು. ಮುಳುಗಿದ ಹಡಗೊಂದರ ಅಡುಗೆಯವನು ತೊಟ್ಟಿದ್ದ, ಬಣ್ಣವೆಲ್ಲ ಚಕ್ಕೆ ಎದ್ದ ಲಂಗರನ್ನು ಅಜ್ಜಿ ಅಂಗೈಯಲ್ಲಿಟ್ಟಾಗ ಹಲ್ಲಕ್ಕನ ಮೈ ಜುಮ್ಮೆಂದಿತು. ಇಷ್ಟು ದಿನ ಇಂಥವನ್ನೇ ಗೋಡೆಯ ಮೇಲಿಟ್ಟುಕೊಂಡು ತಗಡು ಎಂದೆವಲ್ಲ ಎಂದು ನಾಚಿಕೆಯೂ ಆಯಿತು.

ಅವಳನ್ನು ಮೋಡಿ ಮಾಡಿದ್ದು ಬಣ್ಣ. ಹಳೆಯ ಒಳ್ಳೆಯ ಪಿನ್ನಿನಲ್ಲಿ ಇರುವುದು ಪೇಂಟಲ್ಲ, ಗಾಜು. ಬಣ್ಣದ ಗಾಜಿನ ಪುಡಿಯನ್ನು ಲೋಹದಲ್ಲಿ ಕೊರೆದ ತಗ್ಗಿನಲ್ಲಿ ತುಂಬಿ ಕುಲುಮೆಯಲ್ಲಿ ಕರಗಿಸುತ್ತಾರೆ ಎಂದು ಅಜ್ಜಿ ಹೇಳಿದಾಗ ಹಲ್ಲಕ್ಕ ಕೂತಲ್ಲೇ ನೆಟ್ಟಗಾದಳು. ಅದು ಅವಳದೇ ಕೆಲಸ! ಅವಳು ಹಲ್ಲಿಗೆ ಮಾಡುವುದನ್ನೇ ಯಾರೋ ಆಕಾಶಕ್ಕೆ ಮಾಡಿದ್ದರು.

ಗಾಜೋ ಪೇಂಟೋ ತಿಳಿಯಲು ಪಿನ್ನನ್ನು ಮೆಲ್ಲಗೆ ಹಲ್ಲಿಗೆ ತಾಗಿಸಿ ನೋಡಬೇಕು. ಗಾಜು ತಣ್ಣಗೆ ಟಿಣ್ ಎನ್ನುತ್ತದೆ, ಪೇಂಟು ಮೆತ್ತಗೆ ಸುಮ್ಮನಿರುತ್ತದೆ. ಮನೆಗೆ ಬಂದು ಇದನ್ನು ಹೇಳಿದಾಗ ಮಾವ ಬಹಳ ದಿನದ ಮೇಲೆ ಬಾಯಿ ಬಿಟ್ಟರು. ಕೊಡು ನಾನೇ ನೋಡ್ತೀನಿ ಎಂದು ಒಂದನ್ನು ಬಾಯಿಗೆ ಒಯ್ದವರು ನಡುವೆಯೇ ನಿಂತು, ಇದು ನೀನು ಮಾಡಿದ ಹಲ್ಲಲ್ವಾ, ಇದಕ್ಕೇನು ಗೊತ್ತಾಗುತ್ತೆ ಎಂದು ಪಿನ್ನು ವಾಪಸು ಕೊಟ್ಟರು. ಹಲ್ಲಕ್ಕ ತನ್ನ ಹಲ್ಲಿಗೇ ತಾಗಿಸಿ ನೋಡಿದಳು. ಗೋಪುರದ ಪಿನ್ನುಗಳಲ್ಲಿ ಎರಡು ಮಾತ್ರ ಟಿಣ್ ಎಂದವು.

ಎರಡು! ಒಂದಾಗಿದ್ದರೆ ಕತೆ ಮುಗಿಯುತ್ತಿತ್ತು. ಮೊದಲ ವರ್ಷ ಮಾರಾಟಕ್ಕಿಟ್ಟದ್ದೂ ಅದೇ ಕುಲುಮೆಯ ಗಾಜಿನದೇ ಎಂದು ಅಜ್ಜಿ ವಿವರಿಸಿದಳು. ಎರಡರಲ್ಲಿ ಒಂದು ಮಾವನದಿರಬಹುದು. ಎರಡೂ ಬಂದವರಿಗೆ ಮಾರಿದ್ದೇ ಇರಬಹುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ತಾನೇ ಲ್ಯಾಬಿಗೆ ಬಂದಳು. ಕೊನೆಯ ಸಲ ದೊಡ್ಡ ಭೂತಗನ್ನಡಿಯಲ್ಲಿ ನೋಡಿಬಿಡೋಣ ಎಂದು ಹಲ್ಲಕ್ಕನೇ ಗೋಗರೆದಿದ್ದಳು. ಮಾವನನ್ನೂ ಕರೆತಂದು ಪ್ಲಾಸ್ಟರಿನ ದವಡೆಗಳ ಸಾಲಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿದ್ದಳು. ಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ತೀರ್ಪು ಕೇಳಲು ಬಂದವರ ಹಾಗೆ ಸುಮ್ಮನೆ ಕೂತರು. ಅಜ್ಜಿ ಎರಡನ್ನೂ ಮಗುಚಿ ಮಗುಚಿ ನೋಡಿದಳು. ಬೆನ್ನು ನುಣ್ಣಗೆ ಹೊಳೆಯಿತು.

"ತಪ್ಪು ತಿಳ್ಕೋಬೇಡಿ. ನಿಮ್ಮ ಮಾತು ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಪೆಟ್ಟಿಗೇಲಿ ಇಡೋಕಾಗಲ್ಲ."

ಮಾವ ತಲೆಯಾಡಿಸಿದರು. ಎದ್ದು ನಿಲ್ಲಲು ಮೇಜಿನ ಅಂಚು ಹುಡುಕಿದರು.

ಹಲ್ಲಕ್ಕನಿಗೆ ಅಳು ಒತ್ತಿ ಬಂತು. ಅಳು ಬಂದಾಗ ಕೈಗೆ ಏನಾದರೂ ಕೆಲಸ ಕೊಡುವುದು ಅವಳ ಅಭ್ಯಾಸ. ಎರಡು ಪಿನ್ನುಗಳನ್ನೂ ಎತ್ತಿ ಮುಖ ಮೇಲೆ ಮಾಡಿ ಭೂತಗನ್ನಡಿಯ ಕೆಳಗಿಟ್ಟಳು, ದೀಪದ ಕತ್ತು ಬಗ್ಗಿಸಿ ಮೇಜಿಗೆ ತಾಗುವಷ್ಟು ಕೆಳಗಿಳಿಸಿದಳು. ಯೋಚಿಸಿ ಮಾಡಿದ್ದಲ್ಲ. ಬೇಯಿಸಿ ತೆಗೆದ ಪ್ರತಿ ಹಲ್ಲನ್ನೂ ಅವಳು ಹಾಗೆಯೇ ನೋಡುತ್ತಿದ್ದಳು. ಬೆಳಕು ನೇರ ಬಿದ್ದರೆ ಪಿಂಗಾಣಿಯ ಮೇಲ್ಮೈ ಮಾತ್ರ ಕಾಣುತ್ತದೆ, ಓರೆಯಾಗಿ ಬಿದ್ದರೆ ಒಳಗಿನ ಸಣ್ಣ ಬಿರುಕೂ ಕಾಣುತ್ತದೆ.

ಮೊದಲನೆಯದರಲ್ಲಿ ನೀಲಿ, ಬರೀ ನೀಲಿ. ಎರಡನೆಯದನ್ನು ಸ್ವಲ್ಪ ತಿರುಗಿಸಿದಳು.

ನೀಲಿಯ ಬಾಗಿಲು ತೆರೆಯಿತು. ಮೇಲಿನಿಂದ ಶಾಯಿಯ ಹಾಗಿದ್ದ ಗಾಜಿನೊಳಗೆ ಬೆಳಕು ಇಳಿದು, ತಳದ ಲೋಹಕ್ಕೆ ತಾಗಿ, ಮೇಲೆದ್ದು ಬಂತು. ತಳದಲ್ಲಿ ಗೆರೆಗಳಿದ್ದವು. ಗೋಪುರದ ಪಕ್ಕದಲ್ಲಿ, ನೀಲಿಯ ಆಳದಲ್ಲಿ, ಲಿಫ್ಟಿನ ಪಂಜರ. ಪಂಜರಕ್ಕೆ ಬಾಗಿಲು. ಬಾಗಿಲಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕವನಾಗಿ, ಬಲಗೈಯಲ್ಲಿ ಲಿಫ್ಟಿನ ಹಿಡಿ ಹಿಡಿದು, ಒಬ್ಬ ಮನುಷ್ಯ ನಿಂತಿದ್ದ. ಗಾಜು ಹಾಕುವ ಮೊದಲೇ ಯಾರೋ ಅವನನ್ನು ಲೋಹದಲ್ಲಿ ಕೊರೆದು, ಮೇಲೆ ಆಕಾಶವನ್ನು ಸುರಿದು ಮುಚ್ಚಿದ್ದರು. ಯಾವ ಚಕ್ರವೂ ಅವನನ್ನು ಮುಟ್ಟುವ ಹಾಗಿರಲಿಲ್ಲ.

ಜೀವಮಾನವಿಡೀ ಸಣ್ಣದನ್ನೇ ನೋಡಿದವಳು ಹಲ್ಲಕ್ಕ, ಇಷ್ಟು ಸಣ್ಣದರಲ್ಲಿ ಇಷ್ಟು ದೊಡ್ಡದನ್ನು ನೋಡಿರಲಿಲ್ಲ.

"ಮಾವ," ಎಂದಳು. "ಇದ್ದೀರಿ. ನೀವು ಒಳಗೆ ಇದ್ದೀರಿ."

ಮಾವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಅದನ್ನೇ ತಾನೇ ಅವರು ಇಷ್ಟು ವರ್ಷ ಹೇಳಿದ್ದು? ಗೋಪುರ ತೆರೆಯುವ ಮೊದಲು ಚಿತ್ರ ಬರೆದುಕೊಳ್ಳಲು ಪಿನ್ನು ಮಾಡುವವನು ಬಂದಿದ್ದನಂತೆ, ದಿನವಿಡೀ ಮೇಲೆ ಕೆಳಗೆ ಓಡಾಡಿದನಂತೆ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತೆ ಅಂತ ಹೇಳಿದ್ನಲ್ಲಮ್ಮಾ ಎಂದರು. ಹೇಳಿದ್ದಿರಬಹುದು. ಲಿಫ್ಟು ಏರುವಾಗ ಕಿಟಕಿಯ ಬೆಳಕು ಎದೆಯ ಮೇಲೆ ಓರೆಯಾಗಿ ಬೀಳುತ್ತಿತ್ತು, ಆಗ ತಲೆ ಬಗ್ಗಿಸಿ ನೋಡಿಕೊಳ್ಳುತ್ತಿದ್ದರು. ಕೆಲಸ ಬಿಟ್ಟು ಪಿನ್ನು ಗೋಡೆಗೆ ಹೋದ ಮೇಲೆ, ಮಸಿ ಕೂತು, ಕಣ್ಣೂ ಮಂಜಾಗಿ, ಅವರಿಗೂ ಕಾಣುವುದು ನಿಂತಿತ್ತು. ಅವರ ಮಾತಿಗೆ ಕಿವಿ ಕೊಟ್ಟವರಾದರೂ ಯಾರು? ಅಡುಗೆಮನೆಗೆ ಹೋಗಿ ನಕ್ಕದ್ದು ನೆನಪಾಗಿ ಹಲ್ಲಕ್ಕನ ಮುಖ ಬಿಸಿಯಾಯಿತು.

ಅಜ್ಜಿ ಅವಳನ್ನು ಮೊಣಕೈಯಿಂದ ಸರಿಸಿ ತಾನು ಬಗ್ಗಿದಳು. ಬಗ್ಗಿದವಳು ಮೇಲೇಳಲೇ ಇಲ್ಲ.

"ಎಡಗೈ ನೋಡಿ," ಎಂದರು ಮಾವ, ಸ್ಟೂಲಿನ ಮೇಲಿಂದಲೇ. "ಎಡಗೈಲಿ ಟೋಪಿ ಇರಬೇಕು. ಜನ ಲಿಫ್ಟಿಗೆ ಹತ್ತೋವಾಗ ನಾನು ಟೋಪಿ ತೆಗೀತಿದ್ದೆ."

ಹಲ್ಲಕ್ಕ ದೀಪವನ್ನು ಇನ್ನಷ್ಟು ಬಗ್ಗಿಸಿದಳು. ಅಜ್ಜಿ ಕಣ್ಣು ಕಿರಿದು ಮಾಡಿದಳು. ಗೆರೆಯೊಂದರ ತುದಿಯಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ಟೋಪಿ ಇತ್ತು. ಅದನ್ನು ಹೇಳಿದ ಮಾವನಿಗೋ ಎದುರಿಗಿದ್ದ ದವಡೆಗಳೇ ಕಾಣುತ್ತಿರಲಿಲ್ಲ.

ಅಜ್ಜಿ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದಳು. ತೆರೆದ ದಿನ ಟಿಕೆಟು ಕೊಟ್ಟ ಅವಳ ಅಕ್ಕನ ಪಿನ್ನು. ಬೆನ್ನ ಮೇಲೆ ಕೆಲಸದ ಹೆಸರು ಅಚ್ಚುಕಟ್ಟಾಗಿ ಉಳಿದಿತ್ತು. ಅದನ್ನು ದೀಪಕ್ಕೆ ಓರೆಯಾಗಿ ಹಿಡಿದಳು. ಅದರ ನೀಲಿಯಲ್ಲೂ ಪಂಜರ, ಅದೇ ಮನುಷ್ಯ, ಅದೇ ಟೋಪಿ. ಮಾರಿದ ಪಿನ್ನಿನಲ್ಲಿಲ್ಲದ, ಕೆಲಸದವರ ಪಿನ್ನಿನಲ್ಲಿ ಮಾತ್ರ ಇದ್ದ ಗುರುತು ಇದೇ. ಆ ದಿನ ಕೆಲಸ ಮಾಡಿದ ಎಲ್ಲರ ಎದೆಯ ಮೇಲೂ ಇವರೇ ನಿಂತಿದ್ದರು, ಯಾರಿಗೂ ಗೊತ್ತಿರಲಿಲ್ಲ.

"ನಮ್ಮಕ್ಕ ಹೋದಾಗಿಂದ ಇದನ್ನ ದಿನಾ ನೋಡ್ತೀನಿ," ಎಂದಳು ಅಜ್ಜಿ. ಅವಳ ದನಿ ಕುಗ್ಗಿತ್ತು. "ಬೆನ್ನು ನೋಡಿದ್ದೇ ನೋಡಿದ್ದು. ಮುಖದ ಕಡೆ ತಿರುಗಿಸಿ ಹೀಗೆ ಒಂದು ದಿನಾನೂ ನೋಡಲಿಲ್ಲ."

ಮಸಿ ತೊಳೆಯದಿದ್ದರೆ ಇವತ್ತೂ ಕಾಣುತ್ತಿರಲಿಲ್ಲ ಎಂದು ಮಾವ ಸೊಸೆಯ ಪರ ವಹಿಸಿದರು. ಹಾಗಂತ ಇನ್ನೊಂದು ಸಲ ಚಕ್ರಕ್ಕೆ ಹಿಡಿದರೆ ಕೈ ಮುರೀತೀನಿ ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಮರುದಿನ ಗೋಪುರದ ಹಾಲಿನಲ್ಲಿ ಜನವೋ ಜನ. ಗಾಜಿನ ಪೆಟ್ಟಿಗೆಗೆ ಅಜ್ಜಿ ಹೇಳಿದಂತೆ ದೀಪವನ್ನು ಓರೆಯಾಗಿ ಕಟ್ಟಿ, ಮೇಲೆ ಭೂತಗನ್ನಡಿ ಕೂರಿಸಿದ್ದರು. ಕೆಳಗೆ 'ಲಿಫ್ಟ್ ನಡೆಸಿದವರು' ಎಂದು ಬರೆದಿತ್ತು. ಸಾಲಿನಲ್ಲಿ ಬಂದವರು ಬಗ್ಗುತ್ತಿದ್ದರು, ಹಿಂದಿನವರು ತಳ್ಳುವವರೆಗೂ ಏಳುತ್ತಿರಲಿಲ್ಲ. ಮಾವ ಪೆಟ್ಟಿಗೆಯ ಪಕ್ಕದಲ್ಲಿ ಹಳೆಯ ಕೋಟು ತೊಟ್ಟು ನೆಟ್ಟಗೆ ನಿಂತಿದ್ದರು. ಹಲ್ಲಕ್ಕ ಅವರ ತೋಳು ಹಿಡಿದಿದ್ದಳು. ಬೀದಿಯವರೂ ಬಂದಿದ್ದರು, ಬಗ್ಗಿ ನೋಡಿ ಎದ್ದವರು ಮಾವನ ಕೈ ಕುಲುಕುವಾಗ ಅವರ ಮುಖ ನೋಡಲು ಸಂಕೋಚಪಡುತ್ತಿದ್ದರು.

ಮಗ ವ್ಯಾನು ನಿಲ್ಲಿಸಿ ತಡವಾಗಿ ಬಂದ. ಸಾಲಿನಲ್ಲೇ ನಿಂತು ಬಂದ. ಭೂತಗನ್ನಡಿಗೆ ಕಣ್ಣು ಹಚ್ಚಿ ಬಹಳ ಹೊತ್ತು ಬಗ್ಗಿದ್ದ. ಎದ್ದಾಗ ಅವನ ಬಾಯಲ್ಲಿ ಒಂದೂ ತಮಾಷೆ ಇರಲಿಲ್ಲ. ಅಪ್ಪನ ಎದುರು ಬಂದು ನಿಂತ. ಅಪ್ಪನ ಬೋಳುತಲೆ ನೋಡಿದ, ಎಡಗೈಯಲ್ಲಿದ್ದ ಟೋಪಿ ನೋಡಿದ.

"ಟೋಪಿ ಹಾಕ್ಕೋಪ್ಪ. ಶೀತ ಆಗುತ್ತೆ."

"ಇರಲಿ ಬಿಡೋ," ಎಂದರು ಮಾವ. "ಇನ್ನೂ ಜನ ಬರ್ತಿದ್ದಾರೆ."